ಅಪ್ಪನ ಹಳೆ ಕಂಪ್ಯೂಟರ್: ನೆಟ್ ಹತ್ತವಲ್ದು, ಟೈಪ್ ಮಾಡೂಮುಂದ ಹಂಗ ನಿಂತುಬಿಡ್ತೈತಿ

ಮಾವಿನಕೆರೆ (ರಾಯಚೂರು), ಭಾನುವಾರ ಮುಂಜಾನೆ 10:20

ಎಲ್ಲರಿಗೂ ಶರಣು. ತಿಳಿದವರು ಜರಾ ದಾರಿ ತೋರಿಸ್ರಿ.

ನಮ್ಮಪ್ಪ ಹೈಸ್ಕೂಲ್ ಕನ್ನಡ ಮಾಸ್ತರಾಗಿ ರಿಟೈರ್ ಆದವರು. ಮನ್ಯಾಗಿರೋದು 2012ರಾಗ ಅಂಗಡ್ಯಾಗ ಜೋಡಿಸಿ ತಂದ ಕಂಪ್ಯೂಟರ್. ಐ3 ಎರಡನೇ ಪೀಳಿಗೆ, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಮೊದಲು ವಿಂಡೋಸ್ 7 ಇತ್ತು, ಆಮೇಲೆ 10 ಹಾಕಿಸಿದ್ವಿ. ಅಪ್ಪ ಅದರಾಗ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶ ಹಾಕ್ಕೊಂಡು ದಿನಾ ಎರಡು ತಾಸು ಟೈಪ್ ಮಾಡ್ತಾರ. ಮಾನ್ವಿ, ದೇವದುರ್ಗ, ಲಿಂಗಸುಗೂರು ಕಡೆ ಹಳ್ಳಿ ಹಳ್ಳಿ ತಿರುಗಿ ಬರಕೊಂಡು ಬಂದ ಬೀಸುಕಲ್ಲಿನ ಪದ, ಸೋಬಾನ ಪದ, ಅಲಾಯಿ (ಮೊಹರಂ) ಹಬ್ಬದ ರಿವಾಯತ್ ಪದ ಎಲ್ಲಾ ಅದರಾಗೇ ಅದಾವ. ಹಾಡಿದ ಮುದುಕ್ಯಾರು ಅರ್ಧಕ್ಕರ್ಧ ಈಗಿಲ್ಲ.

ತೊಂದರೆ ಎರಡು ಅದಾವ.

ಒಂದು, ನೆಟ್. ಹಾಲ್‌ನಾಗ ರೂಟರ್ ಐತಿ, ಅಲ್ಲಿಂದ ಕೇಬಲ್ ಎಳೆದೀವಿ. ಕನೆಕ್ಟ್ ಆಗೈತಿ ಅಂತ ತೋರಿಸ್ತೈತಿ, ಆದ್ರ ಯಾವ ಸೈಟೂ ತೆರೆಯಂಗಿಲ್ಲ. ಸಂಪರ್ಕ ಸುರಕ್ಷಿತ ಅಲ್ಲ ಅಂತ ಏನೋ ಬರ್ತೈತಿ. ಅದೇ ನೆಟ್‌ನಾಗ ಅವ್ವನ ಮೊಬೈಲ್ ಚಂದ ನಡೀತೈತಿ. ಒಂದೊಂದು ದಿನ ಕಂಪ್ಯೂಟರೂ ಸರಿ ಇರ್ತೈತಿ, ಮರುದಿನ ಮತ್ತ ಇಲ್ಲ. ಕಂಪನಿಯವರು ಬಂದು ರೂಟರ್ ಬದಲಿ ಮಾಡಿ ಹೋದ್ರು. ಏನೂ ಫರಕ್ ಬೀಳಲಿಲ್ಲ.

ಎರಡು, ನಡುವ ನಿಂತುಬಿಡ್ತೈತಿ. ಒಮ್ಮೆ ಐದು ನಿಮಿಷಕ್ಕ, ಒಮ್ಮೆ ಅರ್ಧ ತಾಸಿಗೆ. ಏನು ಒತ್ತಿದ್ರೂ ಅಲುಗಾಡಂಗಿಲ್ಲ. ಪವರ್ ಬಟನ್ ಹಿಡಕೊಂಡು ಬಂದ್ ಮಾಡಿ ಮತ್ತ ಚಾಲೂ ಮಾಡಬೇಕು. ಯುಗಾದಿ ಆದಮ್ಯಾಲ ಜಾಸ್ತಿ ಆಗೈತಿ.

ಇನ್ನೊಂದು ಸಣ್ಣ ವಿಷಯ. ನಿನ್ನೆ ಬರೆದ ಫೈಲ್ ಕಾಣವಲ್ದು ಅಂತ ಅಪ್ಪ ಗಾಬರಿ ಆಗ್ತಾರ. ಹುಡುಕಿದ್ರ ಪಟ್ಟಿ ತಳದಾಗ ಎಲ್ಲೋ ಇರ್ತೈತಿ. ಕಣ್ಣು ಮಂಜಾಗ್ಯಾವ ಅಂತ ನಾನೇ ಹುಡುಕಿ ಕೊಡ್ತೀನಿ.

ಅಂಗಡಿಯವರು ಬಿಚ್ಚಿ ಸುದ್ದಾ ನೋಡಲಿಲ್ಲ, ಇದನ್ನ ಬಿಸಾಕಿ ಹೊಸದು ತಗೋರಿ ಅಂದ್ರು. ಅಪ್ಪ ಒಪ್ಪಂಗಿಲ್ಲ. ಎಲ್ಲಿಂದ ಶುರು ಮಾಡಲಿ?

ದೇವದುರ್ಗ_22

ಮೊದಲು ಅಪ್ಪಾರ ಫೈಲ್ ಎಲ್ಲಾ ಬೇರೆ ಕಡೆ ಕಾಪಿ ಮಾಡಿ ಇಡಣ್ಣ. ಉಳಿದದ್ದು ಆಮೇಲೆ.

ಬಳ್ಳಾರಿ ಬೆಟ್ಟ

ಹೀಟು. ಕಣ್ಣುಮುಚ್ಚಿ ಹೇಳ್ತೀನಿ, ಹೀಟೇ. ಯುಗಾದಿ ಆದಮೇಲೆ ಜಾಸ್ತಿ ಆಯ್ತು ಅಂತ ನೀವೇ ಹೇಳಿದೀರಲ್ಲ. ನಮ್ಮ ಕಡೆ ಏಪ್ರಿಲ್, ಮೇ ಅಂದ್ರೆ 40 ಡಿಗ್ರಿ ದಾಟುತ್ತೆ, ಡಬ್ಬಿ ಒಳಗೆ ಇನ್ನೂ ಹತ್ತು-ಹದಿನೈದು ಸೇರಿಸ್ಕೊಳ್ರಿ. ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಹಚ್ಚಿ ಒಂದು ದಿನ ಓಡಿಸಿ ನೋಡ್ರಿ. ನಿಲ್ಲದಿದ್ರೆ ಹೀಟ್ ಅಂತ ಗೊತ್ತಾಯ್ತು.

ನಮ್ಮದು ಸಂಡೂರು ರೋಡು, ಕೆಂಪು ಧೂಳು. ಆರು ತಿಂಗಳಿಗೊಮ್ಮೆ ಬಿಚ್ಚಿದ್ರೆ ಫ್ಯಾನಿನ ರೆಕ್ಕೆ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತೆ.

ಗಂಗಾವತಿ ನೆಲ್ಲು

ರ‍್ಯಾಮ್ ಬಿಚ್ಚಿ ಹಳದಿ ಕಾಲಿಗೆ ಪೆನ್ಸಿಲ್ ರಬ್ಬರ್‌ಲೆ ತಿಕ್ಕಿ ಮತ್ತ ಕೂಡಸ್ರಿ. ನಮ್ಮ ಮಿಲ್ ಆಫೀಸಿನ ಕಂಪ್ಯೂಟರಿಗೆ ವರ್ಷಕ್ಕೆರಡು ಸಲ ಇದೇ ಔಷಧ. ಅಲ್ಲಿ ತೌಡಿನ ಧೂಳು ಹೋಗದ ಸಂದಿ ಇಲ್ಲ. ನೆಟ್ ವಿಷಯ ಕಂಪನಿಯವರದೇ ತಪ್ಪು, ರೂಟರ್ ಬದಲಿ ಮಾಡಿದ್ರೆ ಏನಾತು, ಲೈನ್ ಸರಿ ಇರಬೇಕಲ್ಲ.

ಸಿಂಧನೂರು ಸರ್ವೀಸ್

ಲೈನ್ ಹೆಂಗ ಕೆಡ್ತದ ಅಣ್ಣಾ, ಅದೇ ರೂಟರ್‌ನಾಗ ಅವರ ಅವ್ವನ ಮೊಬೈಲ್ ನಡೀತದ ಅಂದಾರಲ್ಲ?

ಮಾವಿನಕೆರೆ ಅಣ್ಣಾ, ನಾನು ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡಾಕತ್ತೀನಿ. ಏನೂ ಬದಲಿ ಮಾಡೋಕ ಮುಂಚೆ ನಾಲ್ಕು ವಿಷಯ ನೋಡಿ ಹೇಳ್ರಿ, ರೊಕ್ಕ ಉಳೀತದ.

ಕಪ್ಪು ಕಿಟಕಿ ತೆರೆದು, ಅಂದ್ರ ಕಮಾಂಡ್ ಪ್ರಾಂಪ್ಟ್, ಅದರಾಗ ಪಿಂಗ್ 8.8.8.8 ಅಂತ ಕೊಡ್ರಿ. ಉತ್ತರ ನಾಲ್ಕಕ್ಕ ನಾಲ್ಕು ಬಂದ್ರ ಕೇಬಲ್, ರೂಟರ್, ಲೈನ್ ಮೂರೂ ಸರಿ ಅವ ಅಂತ ತಿಳೀರಿ. ಬರದಿದ್ರ ಐಪಿಕಾನ್ಫಿಗ್ ಕೊಟ್ಟು ವಿಳಾಸ ನೋಡ್ರಿ. 169.254ರಿಂದ ಶುರು ಆಗಿತ್ತಂದ್ರ ರೂಟರ್ ಅದಕ್ಕ ವಿಳಾಸ ಕೊಟ್ಟೇ ಇಲ್ಲ, ಅವಾಗ ಕೇಬಲ್ ತುದಿ ನೋಡಬೇಕು.

ನಿಂತಾಗ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ, ಮ್ಯಾಲಿನ ಸಣ್ಣ ದೀಪ ಹತ್ತಿ ಆರ್ತದೇನು ನೋಡ್ರಿ. ಆರ್ತದಂದ್ರ ಒಳಗ ಜೀವ ಅದ, ಯಾವುದಕ್ಕೋ ಕಾಯಾಕತ್ತದ. ದೀಪವೂ ಅಲುಗದಿದ್ರ ರ‍್ಯಾಮು, ಬೋರ್ಡು, ಪವರ್ ಸಪ್ಲೈ, ಹೀಟು ಈ ಕಡೆ ಹುಡುಕಬೇಕು.

ಅದೇ ಹೊತ್ತಿನಾಗ ಕ್ಯಾಬಿನೆಟ್ ಮುಂದಿನ ಕೆಂಪು ದೀಪ, ಹಾರ್ಡ್ ಡಿಸ್ಕಿಂದು, ಹೆಂಗದ ಹೇಳ್ರಿ. ಮಿಣಮಿಣ ಅಂತದೋ, ಪೂರಾ ಆರೇದೋ, ಇಲ್ಲಾ ಬಿಡದೆ ಉರೀತದೋ.

ನಾಲ್ಕನೇದು, ಕಿವಿ ಹತ್ತರ ತಗೊಂಡು ಕೇಳ್ರಿ. ಒಳಗ ಟಿಕ್ ಟಿಕ್ ಅಂತದೇನು?

ದೇವದುರ್ಗ_22

ಕ್ಯಾಪ್ಸ್ ಲಾಕ್ ವಿಷಯ ಗೊತ್ತೇ ಇರಲಿಲ್ಲ. ನಾನು ಇಷ್ಟು ದಿನ ಸುಮ್ಮನೆ ಪ್ಲಗ್ ಕೀಳ್ತಿದ್ದೆ.

ಕೊಪ್ಪಳದ ಅಕ್ಕ

ತಮ್ಮಾ, ನನಗೆ ಕಂಪ್ಯೂಟರ್ ರಿಪೇರಿ ಅಷ್ಟು ತಿಳಿಯಂಗಿಲ್ಲ. ಆದ್ರ ನೀ ಬರೆದ ಆ ಕಡೀ ಮಾತು ಓದಿ ನನಗೊಂದು ಅನುಮಾನ ಬಂತು. ಅಪ್ಪಾರು ನಿನ್ನೆ ಬರೆದ ಫೈಲ್ ಪಟ್ಟಿ ತಳದಾಗ ಸಿಗ್ತೈತಿ ಅಂದಿಯಲ್ಲ, ಆ ಫೈಲಿನ ಪಕ್ಕದಾಗ ಯಾವ ತಾರೀಖು ಐತಿ ನೋಡು.

ನಾನು ಪಂಚಾಯ್ತಿಯೊಳಗ ಡಾಟಾ ಎಂಟ್ರಿ ಮಾಡ್ತಿದ್ದಾಗ ಒಂದು ಹಳೇ ಕಂಪ್ಯೂಟರ್ ಇತ್ತು. ದಿನಾ ಮುಂಜಾನೆ ಚಾಲೂ ಮಾಡಿದ್ರ 2009ನೇ ಇಸವಿ ತೋರಿಸ್ತಿತ್ತು. ಅವಾಗೂ ಹಿಂಗೇ ಸೈಟ್ ತೆರೀತಿದ್ದಿಲ್ಲ.

ಮಾವಿನಕೆರೆ (ರಾಯಚೂರು), ಭಾನುವಾರ ಸಂಜೆ 6:05

ಅಕ್ಕಾ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು.

ಫೈಲ್ ಪಟ್ಟಿ ತೆರೆದು ನೋಡಿದೆ. ಹೋದ ತಿಂಗಳಿಂದ ಬರೆದ ಪದಗಳಾಗ ಅರ್ಧ 2011 ಜನವರಿ 1 ಅಂತ ಐತಿ. ಕಂಪ್ಯೂಟರ್ ತಂದದ್ದೇ 2012ರಾಗ! ಹೊಸದು ಮ್ಯಾಲ ಬರೋ ಹಂಗ ಪಟ್ಟಿ ಇಟ್ಟಾರ, ಅದಕ್ಕ ಅವು ತಳಕ್ಕ ಇಳದಾವ. ಅಪ್ಪನ ಕಣ್ಣಿಗೆ ಏನೂ ಆಗಿಲ್ಲ. ನಾನೇ ಸುಮ್ಮನೆ ಡಾಕ್ಟರ್ ಹತ್ರ ಹೋಗೋಣ ಅಂತ ಹಟ ಹಿಡಿದಿದ್ದೆ. ಇವತ್ತು ಕ್ಷಮಾ ಕೇಳಿದೆ.

ಪಿಂಗ್ ಕೊಟ್ಟೆ, ನಾಲ್ಕಕ್ಕ ನಾಲ್ಕು ಬಂದ್ವು. ತಾರೀಖು ಇವತ್ತಿಂದು ಮಾಡಿದ ಕೂಡಲೆ ಎಲ್ಲಾ ಸೈಟ್ ತೆರದ್ವು. ಹಂಗಾದ್ರ ಒಂದೊಂದು ದಿನ ತಾನೇ ಸರಿ ಇರೋದು ಹೆಂಗ?

ಸಿಂಧನೂರು ಸರ್ವೀಸ್

ಅಕ್ಕಾರು ಹಿಡಿದದ್ದು ಖರೇ ಅದ. ನಾನು ಪಿಂಗ್ ಅಂತ ಸುತ್ತಾಡಿಸಿದೆ, ಅವರು ನೇರ ಬೇರಿಗೆ ಕೈ ಹಾಕಿದ್ರು.

ಮದರ್‌ಬೋರ್ಡ್ ಮ್ಯಾಲ ರೂಪಾಯಿ ನಾಣ್ಯದ ಹಂಗ ಒಂದು ಬ್ಯಾಟರಿ ಇರ್ತದ, ಸಿಆರ್ 2032 ಅಂತ, 3 ವೋಲ್ಟ್. ಕಂಪ್ಯೂಟರ್ ಬಂದ್ ಇದ್ದಾಗ ಗಡಿಯಾರ ನಡೆಸೋದು ಅದೇ. ನಿಮ್ಮದು ಸತ್ತದ. ಗೋಡೆ ಸ್ವಿಚ್ ಚಾಲೂ ಇದ್ರ ಪವರ್ ಸಪ್ಲೈ ಒಳಗಿಂದ ಸಣ್ಣ ಕರೆಂಟ್ ಬರ್ತಿರ್ತದ, ಗಡಿಯಾರ ನಡೀತದ. ಗೋಡೆ ಸ್ವಿಚ್ ಬಂದ್ ಮಾಡಿದ್ರ, ಇಲ್ಲಾ ರಾತ್ರಿ ಕರೆಂಟ್ ಹೋದ್ರ, ಮುಂಜಾನೆ ಮತ್ತ ಹಳೆ ಇಸವಿ. ನಿಮ್ಮನ್ಯಾಗ ಯಾರು ಸ್ವಿಚ್ ಬಂದ್ ಮಾಡ್ತಾರ?

ಮಾವಿನಕೆರೆ (ರಾಯಚೂರು)

ಅಪ್ಪನೇ. ಮಲಗೋಕ ಮುಂಚೆ ಮನೆ ಎಲ್ಲಾ ಸ್ವಿಚ್ ಬಂದ್ ಮಾಡೋದು ಅವರ ರೂಢಿ. ನನ್ನ ಮಗ ರಾತ್ರಿ ತನಕ ಕೂತು ಸ್ವಿಚ್ ಮರೆತು ಮಲಗಿದ ಮರುದಿನ ಮಾತ್ರ ನೆಟ್ ಬರ್ತಿತ್ತು. ಈಗ ಪೂರಾ ಹೊಂದಿಕಿ ಆತು.

ಗಂಗಾವತಿ ನೆಲ್ಲು

ತಾರೀಖಿಗೂ ನೆಟ್ಟಿಗೂ ಏನು ಸಂಬಂಧ ರೀ? ಬ್ಯಾಂಕ್ ಸೈಟ್ ಆದ್ರೆ ಸರಿ, ಪೇಪರ್ ಓದೋಕೂ ತಾರೀಖು ಬೇಕಾ?

ಲಿನಕ್ಸ್ ಕುಷ್ಟಗಿ

ಬೇಕು. ಈಗ ಹೆಚ್ಚುಕಡಿಮೆ ಎಲ್ಲಾ ಸೈಟೂ ಎಚ್‌ಟಿಟಿಪಿಎಸ್. ಅಂದ್ರೆ ಸುರಕ್ಷಿತ ಸಂಪರ್ಕ. ಸೈಟ್ ತಾನು ಯಾರು ಅಂತ ತೋರಿಸೋಕೆ ಒಂದು ಪ್ರಮಾಣಪತ್ರ ಕೊಡುತ್ತೆ. ಅದರ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ. ನಿಮ್ಮ ಕಂಪ್ಯೂಟರ್ ತಾನಿನ್ನೂ 2011ರಲ್ಲಿದ್ದೀನಿ ಅಂದುಕೊಂಡಿದ್ರೆ, ಆ ಪತ್ರದ ಅವಧಿ ಇನ್ನೂ ಶುರುವೇ ಆಗಿಲ್ಲ ಅಂತ ಲೆಕ್ಕ. ಬ್ರೌಸರ್ ಬಾಗಿಲು ಹಾಕಿಬಿಡುತ್ತೆ. ಪಿಂಗ್‌ಗೆ ಈ ಪತ್ರದ ಗೊಡವೆ ಇಲ್ಲ, ಅದಕ್ಕೇ ಅದು ಬರುತ್ತೆ. ಇಂಟರ್ನೆಟ್ಟಿಂದ ಟೈಮ್ ತಗೊಳ್ಳೋ ವ್ಯವಸ್ಥೆ ವಿಂಡೋಸಲ್ಲಿ ಇದೆ, ಆದ್ರೆ ವ್ಯತ್ಯಾಸ ವರ್ಷಗಟ್ಟಲೆ ಇದ್ದಾಗ ಅದು ತಾನಾಗಿ ಸರಿ ಮಾಡ್ಕೊಳ್ಳುತ್ತೆ ಅಂತ ನಂಬಿ ಕೂರಬಾರದು.

ಗಂಗಾವತಿ ನೆಲ್ಲು

ಈಗ ತಿಳೀತು. ಕಂಪನಿಯವರ ಮೇಲೆ ಹೇಳಿದ ಮಾತು ವಾಪಸ್ ತಗೋತೀನಿ.

ಬಳ್ಳಾರಿ ಬೆಟ್ಟ

ನೆಟ್ ಸರಿ ಹೋಯ್ತು, ಸಂತೋಷ. ಆದ್ರೆ ನಿಲ್ಲೋದು ಬ್ಯಾಟರಿಯಿಂದ ಅಲ್ಲ. ನಾನು ಹೀಟ್ ಅಂದಿದ್ದು ಇನ್ನೂ ನಿಂತಿದೆ.

ಮಾವಿನಕೆರೆ (ರಾಯಚೂರು), ಸೋಮವಾರ ರಾತ್ರಿ 9:40

ಬ್ಯಾಟರಿ ಬದಲಿ ಮಾಡಿದೆ. ಹಳೇದಕ್ಕ ಮೀಟರ್ ಹಚ್ಚಿ ನೋಡಿದ್ರ 1.9 ವೋಲ್ಟ್ ಇತ್ತು. ಅಂಗಡ್ಯಾಗ ವಾಚ್ ರಿಪೇರಿ ಮಾಡೋರ ಹತ್ರ ಸಿಕ್ತು.

ಇವತ್ತು ಸಂಜೆ ಅಪ್ಪನ ಬಾಜೂಕ ಕೂತು ನೋಡಿದೆ. ಏಳೂ ಇಪ್ಪತ್ತಕ್ಕ ನಿಂತಿತು. ಕ್ಯಾಪ್ಸ್ ಲಾಕ್ ಒತ್ತಿದೆ, ದೀಪ ಹತ್ತಿ ಆರ್ತೈತಿ. ಮೌಸ್ ಬಾಣ ಸರಿದಾಡ್ತೈತಿ, ಆದ್ರ ಎಲ್ಲಿ ಒತ್ತಿದ್ರೂ ಏನೂ ತೆರೆಯಂಗಿಲ್ಲ. ಕ್ಯಾಬಿನೆಟ್ ಮುಂದಿನ ಕೆಂಪು ದೀಪ ಬಿಡದೆ ಉರದೇ ಉರೀತು. ಒಳಗಿಂದ ಸಣ್ಣಗ 'ಟಿಕ್... ಟಿಕ್' ಅಂತ ಮೂರ್ನಾಕು ಸಲ, ಆಮೇಲೆ ಸುಮ್ಮನ. ಪವರ್ ಬಟನ್ ಒತ್ತಲಿಲ್ಲ, ಹಂಗೇ ಕಾದ್ವಿ. ನಾಲ್ಕು ನಿಮಿಷ ಆದಮ್ಯಾಲ ತಾನೇ ಎದ್ದು, ಅಪ್ಪ ಒತ್ತಿದ್ದ ಅಕ್ಷರ ಎಲ್ಲಾ ಒಮ್ಮೆಲೆ ಸಾಲಾಗಿ ಬಿದ್ವು.

ಸಿಂಧನೂರು ಸರ್ವೀಸ್

ಅಣ್ಣಾ, ಈಗಲೇ ಕಂಪ್ಯೂಟರ್ ಬಂದ್ ಮಾಡ್ರಿ. ಇದು ಹಾರ್ಡ್ ಡಿಸ್ಕ್. ಬೆಟ್ಟ ಅಣ್ಣಾವ್ರೇ, ಹೀಟ್ ಆಗಿದ್ರ ಸಾಮಾನ್ಯವಾಗಿ ನಿಧಾನ ಆಗ್ತಿತ್ತು, ಇಲ್ಲಾ ಪಟಕ್ಕನ ಬಂದ್ ಆಗ್ತಿತ್ತು. ನಾಲ್ಕು ನಿಮಿಷ ಕಾದು ಹಿಂದಿನ ಅಕ್ಷರ ವಾಪಸ್ ಕೊಡೋದು ಅದರ ಗುಣ ಅಲ್ಲ. ಡಿಸ್ಕಿನ ಒಂದು ಜಾಗ ಓದಾಕ ಬರವಲ್ದು, ಅದು ಮತ್ತ ಮತ್ತ ಪ್ರಯತ್ನ ಮಾಡಾಕತ್ತದ, ಉಳಿದವರೆಲ್ಲಾ ಬಾಗಿಲಾಗ ನಿಂತಾರ. ದೀಪ ಬಿಡದೆ ಉರಿಯೋದು ಅದಕ್ಕ.

ನಾಳೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಸಣ್ಣ ತಂತ್ರಾಂಶ ಹಾಕಿ ಒಂದು ಫೋಟೋ ಹಿಡೀರಿ. 05, ಸಿ5, ಸಿ7 ಈ ಮೂರು ಸಾಲು ನೋಡ್ಬೇಕು. 05 ಅಂದ್ರ ಕೆಟ್ಟು ಬದಲಿ ಕೊಟ್ಟ ಜಾಗ, ಸಿ5 ಅಂದ್ರ ಓದಾಕ ಬರದೆ ಕಾಯೋ ಜಾಗ, ಸಿ7 ಅಂದ್ರ ಕೇಬಲ್ ಕಡೆ ತಪ್ಪು.

ಬಳ್ಳಾರಿ ಬೆಟ್ಟ

ಒಪ್ಪಿದೆ. ಅಕ್ಷರ ಸಾಲಾಗಿ ಬಿದ್ದಿದ್ದು ಕೇಳಿದ ಮೇಲೆ ವಾದ ಮಾಡಲ್ಲ. ಆದ್ರೂ ಬಿಚ್ಚಿದಾಗ ಫ್ಯಾನ್ ಒರೆಸ್ರಿ.

ಗಂಗಾವತಿ ನೆಲ್ಲು

ಡಿಸ್ಕ್ ಕೆಟ್ಟಿದ್ರೆ ಚೆಕ್‌ಡಿಸ್ಕ್ ಓಡಿಸ್ರಿ. ಸ್ಲ್ಯಾಶ್ ಆರ್ ಹಾಕಿ ರಾತ್ರಿ ಬಿಟ್ಟು ಮಲಗ್ರಿ, ಮುಂಜಾನೆಗೆ ಕೆಟ್ಟ ಜಾಗಕ್ಕೆಲ್ಲಾ ಗುರುತು ಹಾಕಿ ಸರಿ ಮಾಡಿರುತ್ತೆ.

ಸಿಂಧನೂರು ಸರ್ವೀಸ್

ಬ್ಯಾಡ, ಬ್ಯಾಡ, ಬ್ಯಾಡ! ಕಾಪಿ ತಗೊಳ್ಳೋ ತನಕ ಚೆಕ್‌ಡಿಸ್ಕ್ ಹೆಸರು ಎತ್ತಬ್ಯಾಡ್ರಿ. ಅದು ಇಡೀ ಡಿಸ್ಕ್ ಮೂಲಿ ಮೂಲಿ ಓದ್ತದ. ಸಾಯಾಕ ಬಿದ್ದ ಡಿಸ್ಕಿಗೆ ಅದು ಕಡೀ ಏಟು. ಮ್ಯಾಲ ಫೈಲ್ ಅರ್ಧ ಹಾಳಾಗಿದ್ರ ತುಂಡು ತುಂಡು ಮಾಡಿ ಬೇರೆ ಹೆಸರಿಟ್ಟು ಒಗೀತದ.

ಗಂಗಾವತಿ ನೆಲ್ಲು

ನಾನು ಹತ್ತು ಡಿಸ್ಕಿಗಾದ್ರೂ ಓಡಿಸೀನಿ, ಎಲ್ಲಾ ಚಲೋ ಆಗ್ಯಾವ.

ಸಿಂಧನೂರು ಸರ್ವೀಸ್

ಆ ಡಿಸ್ಕಿನಾಗ ಮಿಲ್ಲಿನ ಬಿಲ್ ಇದ್ವು, ಅದರ ಕಾಪಿ ಆಡಿಟರ್ ಹತ್ರನೂ ಇರ್ತಾವ. ಇಲ್ಲಿ ಇರೋದು ಸತ್ತವರ ಬಾಯಿಂದ ಬಂದ ಪದ. ಇನ್ನೊಮ್ಮೆ ಕೇಳಾಕ ಆಗಂಗಿಲ್ಲ. ಮೊದಲು ಕಾಪಿ, ಆಮೇಲೆ ಪರೀಕ್ಷೆ.

ಲಿನಕ್ಸ್ ಕುಷ್ಟಗಿ

ಇಲ್ಲಿ ನಾನು ಸಿಂಧನೂರು ಅವರ ಕಡೆ. ಮಾವಿನಕೆರೆ ಅವರೇ, ಪೆನ್‌ಡ್ರೈವಲ್ಲಿ ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಓಡೋ ಇನ್ನೊಂದು ವ್ಯವಸ್ಥೆ) ಹಾಕಿ ಅದರಿಂದಲೇ ಚಾಲೂ ಮಾಡಿ. ಆಗ ವಿಂಡೋಸ್ ಓಡಲ್ಲ, ಡಿಸ್ಕಿನ ಮೇಲೆ ಹಿಂದಿನಿಂದ ಬೀಳೋ ಹೊರೆ ಇರಲ್ಲ. ಹೊರಗಿನ ಯುಎಸ್‌ಬಿ ಡಿಸ್ಕ್ ಚುಚ್ಚಿ, ಮೊದಲು ಅಪ್ಪನ ಫೋಲ್ಡರ್ ಒಂದನ್ನೇ ಎಳ್ಕೊಳ್ಳಿ. ಸಿನಿಮಾ, ಹಾಡು, ಮದುವೆ ವಿಡಿಯೋ ಆಮೇಲೆ. ಎಲ್ಲಾದರೂ ತಡೆದ್ರೆ ಆ ಫೈಲ್ ಬಿಟ್ಟು ಮುಂದಕ್ಕೆ ಹೋಗಿ, ಜಗ್ಗಾಡಬೇಡಿ. ಕೊನೆಗೆ ಡಿಡಿರೆಸ್ಕ್ಯೂ ಇದೆ. ಅದು ಚೆನ್ನಾಗಿರೋ ಜಾಗವನ್ನ ಮೊದಲು ಬಾಚಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತೆ.

ಮಾನ್ವಿ ಮೇಷ್ಟ್ರು

ಚರ್ಚೆಯನ್ನು ಮೊದಲಿನಿಂದ ಓದುತ್ತಿದ್ದೇನೆ. ತಂದೆಯವರ ಕೆಲಸದ ಬಗ್ಗೆ ತಿಳಿದು ಮನಸ್ಸು ತುಂಬಿತು. ಜಗನ್ನಾಥದಾಸರ ಊರು ಮಾನ್ವಿ. ವಿಜಯದಾಸರ ಚೀಕಲಪರವಿ ಇಲ್ಲೇ ಹತ್ತಿರ. ದಾಸರ ಪದಗಳನ್ನು ಬರೆದಿಟ್ಟವರು ಇದ್ದರು, ಮಠಗಳು ಕಾಪಾಡಿದವು. ಬೀಸುವ ಕಲ್ಲಿನ ಮುಂದೆ ಕೂತು ಹಾಡಿದವಳ ಪದವನ್ನು ಯಾರು ಬರೆದರು? ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು, ಪದವೂ ಅದರ ಜೊತೆಗೇ ಹೋಯಿತು.

ನನ್ನದೊಂದು ಪ್ರಶ್ನೆ. ಅವೆಲ್ಲ ನುಡಿಯ ಹಳೆಯ ಅಕ್ಷರಗಳಲ್ಲಿ ಇವೆಯೇ, ಯೂನಿಕೋಡ್‌ನಲ್ಲಿ ಇವೆಯೇ? ಹಳೆಯ ಅಕ್ಷರವಾದರೆ ಫೈಲು ಉಳಿದರೂ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಇಂಗ್ಲಿಷ್ ಚಿಹ್ನೆಗಳ ರಾಶಿ ಕಾಣುತ್ತದೆ.

ಕೊಪ್ಪಳದ ಅಕ್ಕ

ಮೇಷ್ಟ್ರು ಹೇಳಿದ್ದು ಖರೇ ರೀ. ನಮ್ಮ ಅಮ್ಮ, ಅಂದ್ರ ಅಜ್ಜಿ, ಯಲಬುರ್ಗಾ ಕಡೇಕಿ. ನಸುಕಿನ್ಯಾಗ ಜ್ವಾಳ ಬೀಸೂಮುಂದ ಹಾಡ್ತಿದ್ಲು. ನಾ ಅರೆನಿದ್ದಿಯೊಳಗ ಕೇಳೀನಿ, ಒಂದು ಸಾಲೂ ಪೂರಾ ನೆನಪಿಲ್ಲ. ಕಲ್ಲಿನ ಗುರ್‌ಗುರ್ ಸಪ್ಪಳ ಮಾತ್ರ ಕಿವ್ಯಾಗ ಐತಿ. ತಮ್ಮಾ, ಅಪ್ಪಾರ ಹತ್ರ ರೆಕಾರ್ಡಿಂಗ್ ಏನಾರ ಐತೇನು?

ಮಾವಿನಕೆರೆ (ರಾಯಚೂರು), ಬುಧವಾರ ರಾತ್ರಿ 10:15

ಅಕ್ಕಾ, ಕ್ಯಾಸೆಟ್ ಅದಾವ, ಹದಿನಾರು. ಅದು ಇನ್ನೊಂದು ದೊಡ್ಡ ಕತಿ, ಬ್ಯಾರೆ ಕೇಳ್ತೀನಿ.

ಮೇಷ್ಟ್ರೇ, ಎಲ್ಲಾ ನುಡಿಯ ಹಳೇ ಅಕ್ಷರದಾಗೇ ಅದಾವ.

ಈಗ ಡಿಸ್ಕಿನ ವಿಷಯ. ತಂತ್ರಾಂಶ ಹಾಕಿ ನೋಡಿದ್ರ ಹಳದಿ ಬಣ್ಣದಾಗ ಎಚ್ಚರಿಕೆ ತೋರಿಸ್ತು. 05ರ ಮುಂದ ಸೊನ್ನೆ. ಸಿ5ರ ಮುಂದ 70. ಸಿ7 ಸೊನ್ನೆ. ಎಪ್ಪತ್ತು ಅಂದ್ರ ಬಹಳನಾ?

ಸಿಂಧನೂರು ಸರ್ವೀಸ್

ಅಲ್ಲಿ ತೋರಿಸೋದು ಹದಿನಾರರ ಲೆಕ್ಕ ಅಣ್ಣಾ, ಸೆಟ್ಟಿಂಗ್ ಬದಲಿ ಮಾಡದಿದ್ರ. ಆ 70 ಅಂದ್ರ ನಮ್ಮ ಲೆಕ್ಕದಾಗ 112. ನೂರಾ ಹನ್ನೆರಡು ಜಾಗ ಓದಾಕ ಬರವಲ್ಲವು, ಹಣೆಬರಹ ತೀರ್ಮಾನ ಆಗದೆ ಕಾಯಾಕತ್ತಾವ. ಸಿ7 ಏರಿದ್ರ ಡಾಟಾ ಕೇಬಲ್ ಮ್ಯಾಲ ಅನುಮಾನ ಪಡಬಹುದಿತ್ತು, ಅಗ್ಗದಾಗ ಮುಗೀತಿತ್ತು. ಸೊನ್ನೆ ಅದ, ಅಂದ್ರ ಕೇಬಲ್ ನೆಟ್ಟಗದ. ಡಿಸ್ಕೇ ಹೋಗೇದ.

ದೇವದುರ್ಗ_22

ಕಾಪಿ ಆತಾ?

ಮಾವಿನಕೆರೆ (ರಾಯಚೂರು), ಶುಕ್ರವಾರ ರಾತ್ರಿ 11:30

ಆತು! ಕುಷ್ಟಗಿ ಅಣ್ಣಾವ್ರು ಹೇಳಿದಂಗ ಪೆನ್‌ಡ್ರೈವ್‌ಲೆ ಚಾಲೂ ಮಾಡಿ ಎಳ್ಕೊಂಡೆ. ಅಪ್ಪನ ಫೋಲ್ಡರ್‌ನಾಗ ಅರವತ್ತೊಂದು ಫೈಲ್. ಅರವತ್ತು ಸರಾಗ ಬಂದ್ವು. 'ಸೋಬಾನ 3' ಅನ್ನೋ ಫೈಲ್ ಹತ್ರ ನಿಂತಿತು, ಮತ್ತ ಆ ಟಿಕ್ ಟಿಕ್ ಸಪ್ಪಳ. ಅಪ್ಪ ಹಿಂದ ನಿಂತು ಕುರ್ಚಿ ಹಿಡಕೊಂಡಿದ್ರು, ಒಂದು ಮಾತೂ ಆಡಲಿಲ್ಲ. ಬಿಟ್ಟು ಮುಂದ ಹೋದೆ. ಕಡೀಕ ಡಿಡಿರೆಸ್ಕ್ಯೂ ಹಚ್ಚಿ ರಾತ್ರಿ ಪೂರಾ ಬಿಟ್ಟೆ. ಆ ಫೈಲ್ ತೆರೀತು, ಆದ್ರ ನಲವತ್ತೊಂದು ಪದದಾಗ ಹದಿನೆಂಟು ಅದಾವ, ಮುಂದಿಂದು ಬರೀ ಡಬ್ಬಿ ಡಬ್ಬಿ.

ಅಪ್ಪ ಟ್ರಂಕ್ ತೆಗೆದು ನೋಡ್ಯಾರ. ಆ ಊರಿನ ನೋಟ್‌ಬುಕ್ ಸಿಕ್ಕೈತಿ.

ಕೊಪ್ಪಳದ ಅಕ್ಕ

ನೋಟ್‌ಬುಕ್ ಸಿಕ್ತು ಅಂತ ಓದಿ ನನಗ ಉಸಿರು ಬಂತು ನೋಡು.

ಗಂಗಾವತಿ ನೆಲ್ಲು

ಚೆಕ್‌ಡಿಸ್ಕ್ ವಿಷಯದಾಗ ನಾ ಹೇಳಿದ್ದು ತಪ್ಪು ಇತ್ತು. ನಮ್ಮ ಮಿಲ್ಲಿಂದೂ ಇವತ್ತೇ ಕಾಪಿ ತಗೊಂಡೆ.

ಲಿನಕ್ಸ್ ಕುಷ್ಟಗಿ

ಈಗ ಎಸ್‌ಎಸ್‌ಡಿ ಹಾಕಿ, ಅದು ಒಳಗೆ ತಿರುಗೋ ಭಾಗ ಇಲ್ಲದ ಡಿಸ್ಕ್. 240 ಜಿಬಿ ಸಾಕು. ಎರಡನೇ ಪೀಳಿಗೆ ಐ3 ಜೊತೆ ಬಹಳಷ್ಟು ಬೋರ್ಡಲ್ಲಿ ಎಚ್61 ಚಿಪ್‌ಸೆಟ್ ಇರುತ್ತೆ, ಅದರ ಸಾಟಾ (ಡಿಸ್ಕ್ ಜೋಡಿಸೋ ದಾರಿ) ವೇಗ ಸೆಕೆಂಡಿಗೆ 3 ಗಿಗಾಬಿಟ್‌ಗೆ ಸೀಮಿತ. ಹಂಗಂತ ಎಸ್‌ಎಸ್‌ಡಿ ವೇಸ್ಟ್ ಅನ್ನೋರ ಮಾತು ಕೇಳಬೇಡಿ. ತಿರುಗೋ ಡಿಸ್ಕಿಗೆ ಹೋಲಿಸಿದ್ರೆ ಕಣ್ಣಿಗೆ ಕಾಣೋ ವ್ಯತ್ಯಾಸ ಇದೆ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. 11 ಹಾಕೋಣ ಅಂದ್ರೆ ಇಂಟೆಲ್‌ನಲ್ಲಿ ಎಂಟನೇ ಪೀಳಿಗೆ, ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಕೇಳುತ್ತೆ, ನಿಮ್ಮದು ಎರಡನೇ ಪೀಳಿಗೆ. ನನ್ನ ಕೇಳಿದ್ರೆ ಲಿನಕ್ಸ್ ಮಿಂಟ್ ಹಾಕಿ. ನುಡಿಯ ಕೀಲಿಮಣೆ ವಿನ್ಯಾಸ, ಕೆಜಿಪಿ, ಅದರಲ್ಲೂ ಇದೆ. ಅಪ್ಪ ಬೆರಳು ಬದಲಿಸಬೇಕಾಗಿಲ್ಲ.

ಸಿಂಧನೂರು ಸರ್ವೀಸ್

ಕುಷ್ಟಗಿ ಅಣ್ಣಾ, ಎಲ್ಲಾದಕ್ಕೂ ಲಿನಕ್ಸ್ ಅನ್ನಬ್ಯಾಡ್ರಿ. ಅವರಪ್ಪಗ ಇಷ್ಟು ವರ್ಷದ ರೂಢಿ. ನುಡಿ ತಂತ್ರಾಂಶ ವಿಂಡೋಸಿಂದು. ಅರವತ್ತು ಫೈಲ್ ಯೂನಿಕೋಡಿಗೆ ತಿರುಗಿಸೋ ತನಕ ವಿಂಡೋಸ್ 10 ಇರಲಿ, ಬ್ಯಾಂಕ್ ಕೆಲಸ ಮೊಬೈಲ್‌ನಾಗ ಮಾಡ್ಲಿ. ತಿರುಗಿಸಿದ ಮ್ಯಾಲ ನಿಮ್ಮ ಮಾತು ನಡೀಲಿ.

ಲಿನಕ್ಸ್ ಕುಷ್ಟಗಿ

ಅದೂ ಸರಿ. ತಿರುಗಿಸಿದ ಮೇಲೆ ಹಾಕ್ಲಿ.

ಸಿಂಧನೂರು ಸರ್ವೀಸ್

ಇನ್ನೊಂದು. ಎಸ್‌ಎಸ್‌ಡಿ ಹಾಕೋ ಮುಂಚೆ ಬೋರ್ಡಿನ ಮೂಲ ಸೆಟ್ಟಿಂಗ್ ಇರೋ ಬಯೋಸ್‌ನಾಗ ಸಾಟಾ ಮೋಡ್ ಎಎಚ್‌ಸಿಐ ಮಾಡ್ರಿ. ಹೊಸ ಬ್ಯಾಟರಿ ಹಾಕಿದ್ದು ಇಲ್ಲೂ ಕೆಲಸಕ್ಕ ಬರ್ತದ. ಬ್ಯಾಟರಿ ಸತ್ತಿದ್ರ ಸ್ವಿಚ್ ಬಂದ್ ಮಾಡಿದಾಗೆಲ್ಲಾ ಈ ಸೆಟ್ಟಿಂಗೂ ಮೊದಲಿನಂಗ ಆಗಿ, ಕೆಲವು ಬೋರ್ಡಿನಾಗ ಐಡಿಇ ಅನ್ನೋ ಹಳೇ ಮೋಡಿಗೆ ಹೋಗಿ, ವಿಂಡೋಸ್ ಏಳಂಗಿಲ್ಲ, ನೀಲಿ ಪರದೆ ಬರ್ತದ. ಹೊಸ ಎಸ್‌ಎಸ್‌ಡಿ ಕೆಟ್ಟದ ಅಂತ ನನ್ನ ಅಂಗಡಿಗೆ ಮೂರು ಮಂದಿ ತಂದಿದ್ರು, ಮೂರೂ ಇದೇ.

ಮಾವಿನಕೆರೆ (ರಾಯಚೂರು), ಮರು ಬುಧವಾರ

ಎಸ್‌ಎಸ್‌ಡಿ ಹಾಕಿ ನಾಲ್ಕು ದಿನ ಆತು, ಒಮ್ಮೆನೂ ನಿಂತಿಲ್ಲ. ಬಿಚ್ಚಿದಾಗ ಒಳಗ ನೋಡಿ ಗಾಬರಿ ಆತು. ನಮ್ಮ ಮನಿ ಹತ್ತಿ ಮಾರ್ಕೆಟ್ ಬಾಜೂಕ. ಪ್ರೊಸೆಸರ್ ಫ್ಯಾನ್ ಕೆಳಗ ಹತ್ತಿ ಎಳಿ ಕಂಬಳಿ ಹೊದ್ದಂಗ ಕೂತಿತ್ತು, ಬೆರಳ ದಪ್ಪ. ಫ್ಯಾನ್ ಹಿಡಿಯೋ ನಾಲ್ಕು ಪ್ಲಾಸ್ಟಿಕ್ ಗೂಟದಾಗ ಒಂದು ಎದ್ದು ನಿಂತಿತ್ತು. ಬೆಟ್ಟ ಅಣ್ಣಾವ್ರೇ, ನಿಮ್ಮ ಮಾತೂ ಪೂರಾ ಸುಳ್ಳಲ್ಲ. ಒರೆಸಿ, ಶಾಖ ದಾಟಿಸೋ ಹೊಸ ಪೇಸ್ಟ್ ಹಚ್ಚಿ ಕೂಡಿಸೀನಿ. ಮೊದಲು 84 ಡಿಗ್ರಿ ಇತ್ತು, ಈಗ 58.

ಇನ್ನೊಂದು ಕೇಳ್ಬೇಕು. ಕೆಲಸ ಮಾಡೂಮುಂದ ಕ್ಯಾಬಿನೆಟ್ ತಗಡು ಮುಟ್ಟಿದ್ರ ಸಣ್ಣಗ ಜುಮ್ ಅಂತೈತಿ. ಅಪ್ಪನ ಕೇಳಿದ್ರ, ಅದು ಮೊದಲಿಂದ ಹಂಗೇ ಐತಿ ಅಂದ್ರು.

ಬಳ್ಳಾರಿ ಬೆಟ್ಟ

58! ಚೆನ್ನಾಗಿದೆ.

ಸಿರುಗುಪ್ಪ ವೈರ್‌ಮನ್

ಇದು ನನ್ನ ಕೆಲಸ, ಇಷ್ಟೊತ್ತು ಸುಮ್ಮನೆ ಓದ್ತಿದ್ದೆ. ಜುಮ್ ಅನ್ನೋದನ್ನ ಹಗುರ ತಗೋಬ್ಯಾಡ್ರಿ. ನಿಮ್ಮ ಪ್ಲಗ್ಗಿಗೆ ಅರ್ಥಿಂಗ್ ಇಲ್ಲ, ಅಥವಾ ತುಂಡಾಗೈತೆ.

ಪವರ್ ಸಪ್ಲೈ ಒಳಗೆ ಗದ್ದಲ ಸೋಸೋಕೆ ಎರಡು ಕೆಪಾಸಿಟರ್ ಇರ್ತಾವೆ, ಒಂದು ಫೇಸಿಂದ ತಗಡಿಗೆ, ಒಂದು ನ್ಯೂಟ್ರಲ್ಲಿಂದ ತಗಡಿಗೆ. ಅರ್ಥ್ ಸರಿ ಇದ್ರೆ ಅದರಿಂದ ಬರೋ ಸಣ್ಣ ಕರೆಂಟ್ ನೆಲಕ್ಕೆ ಹೋಗ್ತದೆ. ಇಲ್ಲದಿದ್ರೆ ತಗಡು 230ರ ಅರ್ಧಕ್ಕೆ, ಹೆಚ್ಚುಕಡಿಮೆ 115 ವೋಲ್ಟಿಗೆ ತೇಲ್ತಿರ್ತದೆ. ಕರೆಂಟ್ ಬಹಳ ಸಣ್ಣದು, ಅದಕ್ಕೇ ಬರೀ ಜುಮ್. ಆದ್ರೆ ಮುಂದೆ ಒಳಗೆ ನಿಜವಾಗಿ ಎಲ್ಲಾದರೂ ಫೇಸ್ ತಗಡಿಗೆ ತಾಗಿದ್ರೆ ಕಾಯೋಕೆ ಯಾರೂ ಇರಂಗಿಲ್ಲ. ಅಪ್ಪಾರು ವಯಸ್ಸಾದವರು, ಒದ್ದೆ ಕಾಲಲ್ಲಿ ಕೂತಿರ್ತಾರೆ.

ವೈರ್‌ಮನ್ ಕರೆದು ಪ್ಲಗ್ಗಲ್ಲಿ ಅರ್ಥಿಗೂ ನ್ಯೂಟ್ರಲ್ಲಿಗೂ ನಡುವೆ ವೋಲ್ಟ್ ನೋಡಿಸ್ರಿ. ಎರಡು-ಮೂರು ವೋಲ್ಟಿನ ಒಳಗಿರಬೇಕು. ಅರ್ಥಿಂಗ್ ಗುಂಡಿ ಇದ್ರೆ ಬೇಸಿಗೆಯಲ್ಲಿ ನಾಲ್ಕು ಕೊಡ ನೀರು ಹಾಕ್ರಿ. ನಮ್ಮ ಕಡೆ ಕರಿ ಮಣ್ಣು ಬಿಸಿಲಿಗೆ ಬಿರುಕು ಬಿಟ್ಟು ಕಂಬಿ ಬಿಟ್ಟುಬಿಡ್ತದೆ, ಮಳೆಗಾಲದಾಗ ಸರಿ ಇದ್ದದ್ದು ಮೇ ತಿಂಗಳಾಗ ಇರಂಗಿಲ್ಲ. ನೀವೇ ಬೋರ್ಡ್ ಬಿಚ್ಚಬ್ಯಾಡ್ರಿ.

ಮಾವಿನಕೆರೆ (ರಾಯಚೂರು), ಶನಿವಾರ

ಅಣ್ಣಾ, ವೈರ್‌ಮನ್ ಬಂದು ನೋಡಿದ್ರು. ಆ ಕೋಣಿ ಪ್ಲಗ್ಗಿಗೆ ಹಸಿರು ವೈರ್ ಜೋಡಿಸೇ ಇರಲಿಲ್ಲ, ಬೋರ್ಡ್ ಹಿಂದ ಸುತ್ತಿ ಇಟ್ಟಿದ್ರು. ಮನಿ ಕಟ್ಟಿದಾಗಿಂದ! ಜೋಡಿಸಿ, ಗುಂಡಿಗೆ ನೀರು ಹಾಕಿದ್ವಿ. 1.4 ವೋಲ್ಟ್ ಬಂತು. ಜುಮ್ ಅನ್ನೋದು ನಿಂತೈತಿ.

ಮಾನ್ವಿ ಮೇಷ್ಟ್ರು

ಯೂನಿಕೋಡಿಗೆ ತಿರುಗಿಸುವಾಗ ಒಂದು ಮಾತು ನೆನಪಿಡಿ. ಪರಿವರ್ತಕಕ್ಕೆ ಹಾಕಿ ಬಂದದ್ದನ್ನು ಹಾಗೇ ನಂಬಬೇಡಿ. ಅರ್ಕಾವೊತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಅದು ಜಾಗ ತಪ್ಪಿ ಕೂರುವುದುಂಟು. ಒತ್ತಕ್ಷರದ ಮೇಲೆ ದೀರ್ಘ ಬಂದಲ್ಲಿಯೂ ನೋಡಿ. ಹೆಣ್ಣುಮಕ್ಕಳು ಹಾಡಿದ ಹಾಗೇ ಬರೆದ ಮಾತುಗಳು ನಿಘಂಟಿನಲ್ಲಿ ಸಿಗುವುದಿಲ್ಲ, ತಪ್ಪು ಹಿಡಿಯುವ ತಂತ್ರಾಂಶ ಅವನ್ನು ತಿದ್ದಲು ಬರುತ್ತದೆ. ಅದನ್ನು ಬಂದ್ ಮಾಡಿಡಿ. ಮೂಲ ನುಡಿ ಫೈಲನ್ನು ಅಳಿಸಬೇಡಿ.

ದೇವದುರ್ಗ_22

ಅಣ್ಣಾ, ಆ ಸೋಬಾನ 3 ಯಾವ ಊರಿಂದು? ನಮ್ಮ ತಾಲೂಕಿಂದಾಗಿದ್ರ ನಮ್ಮ ದೊಡ್ಡವ್ವನ ಕೇಳ್ತೀನಿ, ಆಕಿಗೆ ಇನ್ನೂ ಬರ್ತಾವ.

ಮಾವಿನಕೆರೆ (ರಾಯಚೂರು)

ನಿಮ್ಮ ತಾಲೂಕಿಂದೇ ತಮ್ಮಾ. ಅಪ್ಪಗ ಹೇಳಿದೆ, ಊರ ಹೆಸರು ಕೇಳು, ಯಾವ ಓಣಿ ಕೇಳು ಅಂತ ಕೂತಾರ. ನೋಟ್‌ಬುಕ್ಕಿನಾಗ ಎರಡು ಪುಟ ಗೆದ್ದಲು ತಿಂದಾವ, ಐದು ಪದ ಅರ್ಧರ್ಧ ಅದಾವ. ದೊಡ್ಡವ್ವಗ ಯಾವಾಗ ಪುರಸೊತ್ತು ಇರ್ತೈತಿ ಹೇಳು, ಅಪ್ಪನ್ನ ಕರಕೊಂಡು ಬರ್ತೀನಿ. ಈಗ ಅವ್ವ ಬಾಜೂಕ ಕೂತು ಉಳಿದ ಪದ ಓದಿ ಹೇಳಾಕತ್ತಾಳ, ಅಪ್ಪ ಟೈಪ್ ಮಾಡಾಕತ್ತಾರ. ಇವತ್ತಿಗೆ ಇಪ್ಪತ್ತಾರನೇ ಪದ.

ದೇವದುರ್ಗ_22

ಆಯ್ತವಾರ ಮುಂಜಾನೆ ಬರ್ರಿ ಅಣ್ಣಾ. ಮಧ್ಯಾಹ್ನ ಆದ್ರ ಆಕಿ ಮಲಗ್ತಾಳ. ಫೋನ್ ಚಾರ್ಜ್ ಮಾಡಿ ತರ್ರಿ, ರೆಕಾರ್ಡೂ ಆಗ್ಲಿ.